ಕೆರಿಬಿಯನ್ ಯಾನದ ಎರಡು ಪಾಠಗಳು: ಒಂದು ಗ್ರಂಥಸಂಪಾದನಾ ಪ್ರಯತ್ನ

ಮಯಾಮಿ ಬಂದರಿನಲ್ಲಿ ಹಡಗು ಹತ್ತಿ, ಏಳು ರಾತ್ರಿ ಕೆರಿಬಿಯನ್ ಸಮುದ್ರವನ್ನು ಸುತ್ತಿ, ಹತ್ತಿದ ಜಾಗದಲ್ಲೇ ಇಳಿಯುವ ವಿಹಾರಕ್ಕೆ ಕ್ರೂಸ್ ಎಂದು ಹೆಸರು. ಶಿವಮೊಗ್ಗ–ಭದ್ರಾವತಿ ಪ್ರಾಂತ್ಯದಲ್ಲಿ ಈ ವಿಹಾರದ ಕಥನ ಇನ್ನೂ ಲಿಪಿಗೆ ಇಳಿದಿಲ್ಲ. ಸತ್ಯನಾರಾಯಣ ಪೂಜೆಯ ಊಟದ ನಂತರ ಎಲೆಯಡಿಕೆ ತಟ್ಟೆ ತಿರುಗುವ ಹೊತ್ತಿನಲ್ಲಿ, ಎರಡೂ ಊರುಗಳ ನಡುವೆ ಓಡುವ ಖಾಸಗಿ ಬಸ್ಸಿನ ಸೀಟಿನಲ್ಲಿ, ಬೆಳಗಿನ ವಾಕಿಂಗ್ ಮುಗಿದ ಮೇಲಿನ ಕಲ್ಲುಬೆಂಚಿನಲ್ಲಿ ಅದು ಬಾಯಿಂದ ಬಾಯಿಗೆ ಹರಿಯುತ್ತಿದೆ. ಅಮೆರಿಕದಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆಂದು ಹೋಗಿ, ಮೊಮ್ಮಗು ಡೇಕೇರ್ ಸೇರಿದ ಮೇಲೆ ಕಿಟಕಿಯಾಚೆಯ ಅಳಿಲನ್ನು ನೋಡುತ್ತ ಕುಳಿತಿದ್ದ ತಂದೆತಾಯಿಗಳೇ ಈ ಸಾಹಿತ್ಯದ ಕರ್ತೃಗಳು. ‘ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಲ್ಲ’ ಎಂಬ ಅಳಿಯನ ಉದ್ಗಾರವೇ ಇದರ ಪ್ರೇರಣೆ.

ಚಂಪೂ, ವಚನ, ಷಟ್ಪದಿಗಳನ್ನು ಸೋಸಿ ಪರಿಷ್ಕರಿಸಿದ ನಮ್ಮ ಪಂಡಿತರು ಈ ಕಡೆ ತಲೆ ಹಾಕಿಲ್ಲ. ಕಥನ ಪ್ರತಿ ಸಲವೂ ಬೆಳೆಯುತ್ತಿರುವುದರಿಂದ, ಮೂಲಪಾಠ ಪೂರಾ ಕಾಣೆಯಾಗುವ ಮೊದಲೇ ಒಂದು ಪರಿಷ್ಕರಣ ಹೊರತರುವುದು ಸಂಪಾದಕನ ಕರ್ತವ್ಯವೆನಿಸಿತು. ಒಂದೇ ದಂಪತಿಯ ಒಂದೇ ಯಾನವನ್ನು ಇಲ್ಲಿ ಆರಿಸಿಕೊಂಡಿದೆ. ಹೆಸರು ಹೇಳಬಾರದೆಂಬ ಷರತ್ತಿನ ಮೇಲೆಯೇ ಅವರು ಕಾಫಿ ಕೊಟ್ಟದ್ದು.

ಪ್ರತಿಗಳ ವಿವರ

ಭ-ಪ್ರತಿ. ಯಜಮಾನರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ನ್ಯೂಟೌನ್ ಕಡೆಯವರು. ಪಾಠ ದೀರ್ಘ, ಅಂಕಿಸಂಖ್ಯೆಗಳಿಂದ ನಿಬಿಡ, ಅಲ್ಲಲ್ಲಿ ಮೇಜು ಗುದ್ದಿದ ಗುರುತು. ಹೇಳಿದಷ್ಟು ಸಲವೂ ಹಡಗು ಒಂದು ಮಹಡಿ ಎತ್ತರವಾಗುವುದು ಇದರ ಮುಖ್ಯ ಲಕ್ಷಣ.

ಶಿ-ಪ್ರತಿ. ಅವರ ಧರ್ಮಪತ್ನಿಯದು. ತುಂಗೆಯ ದಡದ ಶಿವಮೊಗ್ಗ ಕೋಟೆ ಬೀದಿಯಲ್ಲಿ ಹುಟ್ಟಿದವರು. ಮದುವೆಯಾಗಿ ಭದ್ರೆಯ ದಡಕ್ಕೆ ಬಂದು ಮೊಮ್ಮಕ್ಕಳನ್ನು ಕಂಡರೂ ಕುಡಿಯುವ ನೀರಿನ ವಿಚಾರ ಬಂದರೆ ಇಂದಿಗೂ ತವರಿನ ಪ್ರಜೆ. ಪಾಠ ಹ್ರಸ್ವ. ಸ್ವತಂತ್ರ ಪ್ರತಿಯಾಗಿ ಸಿಗುವುದು ಅಪರೂಪ. ಭ-ಪ್ರತಿಯ ಪಾರಾಯಣ ನಡೆಯುವಾಗ ಅಡುಗೆಮನೆಯಿಂದ ಅಂಚಿನ ಟಿಪ್ಪಣಿಯ ರೂಪದಲ್ಲಿ ಕೇಳಿಬರುತ್ತದೆ. ‘ಸುಮ್ನಿರಿ, ಅದು ಹಾಗಲ್ಲ’ ಎಂಬುದು ಇದರ ಪಲ್ಲವಿ.

ಮೊ-ಪ್ರತಿ. ಮೊಬೈಲಿನಲ್ಲಿ ಉಳಿದ ಚಿತ್ರಗಳು. ಯಜಮಾನರ ಹೆಬ್ಬೆರಳು ಅಡ್ಡ ಬಂದು ಬಹುಭಾಗ ಲುಪ್ತ.

ಪೂರ್ವಸೂರಿಗಳು

ಭ-ಪ್ರತಿಯ ಮಂಗಳಾಚರಣೆಯಲ್ಲಿ ಸಮುದ್ರವಿಲ್ಲ, ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಇದ್ದಾರೆ. 1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಹುಟ್ಟಿದ ಇವರೇ ಕೆರಿಬಿಯನ್ ಯಾನದ ಆದಿಕವಿ ಎಂದು ಯಜಮಾನರ ಸಿದ್ಧಾಂತ. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗೆಲುವಿಗೆ 403 ಬೇಕಿದ್ದಾಗ ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ಹೊಡೆಯಿತು. ಅದರಲ್ಲಿ ವಿಶ್ವನಾಥ್ ಅವರದು 112. ಮುಂದಿನ ಟೆಸ್ಟ್ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಲ್ಲಿ ಮೈಕೆಲ್ ಹೋಲ್ಡಿಂಗ್ ಎಸೆತಕ್ಕೆ ವಿಶ್ವನಾಥ್ ಬೆರಳು ಮುರಿಯಿತು. ಗಾಯಾಳುಗಳು ಹೆಚ್ಚಾಗಿ ಎರಡನೇ ಇನಿಂಗ್ಸ್‌ನಲ್ಲಿ ಭಾರತ ಐದು ವಿಕೆಟ್‌ಗೆ 97 ರನ್ ಆದಾಗ ಮುಂದೆ ಆಡಲು ಆಳೇ ಉಳಿಯಲಿಲ್ಲ. ಹೀಗಾಗಿ ಯಜಮಾನರ ಭೂಗೋಳದಲ್ಲಿ ಕೆರಿಬಿಯನ್ ಎಂದರೆ ಬಿಳಿಮರಳೂ ತೆಂಗಿನಮರವೂ ಆಗಿರದೆ, ಲೆಕ್ಕ ಚುಕ್ತಾ ಆಗದ ಒಂದು ಬೆರಳು.

ಆದರೆ ಹಡಗಿನ ಪಟ್ಟಿಯಲ್ಲಿದ್ದ ಊರುಗಳು ಈ ಸಿದ್ಧಾಂತಕ್ಕೆ ಸಹಕರಿಸಲಿಲ್ಲ. ಮೊದಲು ಬಂದ ಕೊಜುಮೆಲ್ ಮೆಕ್ಸಿಕೋಗೆ ಸೇರಿದ ದ್ವೀಪ, ಅಲ್ಲಿಯವರಿಗೆ ಬ್ಯಾಟು ಬಾಲಿನ ಗೊಡವೆಯಿಲ್ಲ. ಜಮೈಕಾದಲ್ಲಿ ಹಡಗು ನಿಂತದ್ದು ಕಿಂಗ್‌ಸ್ಟನ್ನಿನಲ್ಲಲ್ಲ, ಉತ್ತರ ತೀರದ ಫಾಲ್ಮೌತ್‌ನಲ್ಲಿ. ಅದು ಟ್ರೆಲಾನಿ ಎಂಬ ಪ್ರಾಂತ್ಯ. ಉಸೇನ್ ಬೋಲ್ಟ್ ಹುಟ್ಟಿದ್ದು ಅದೇ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಯಜಮಾನರು ಟ್ಯಾಕ್ಸಿ ಹತ್ತಿದವರೇ ಚಾಲಕನಿಗೆ 1976ರ ಪ್ರಕರಣವನ್ನು ಸವಿಸ್ತಾರವಾಗಿ ನಿವೇದಿಸಿದರು. ಮುಂದಿನದಕ್ಕೆ ಪಾಠಾಂತರಗಳಿವೆ:

ಭ-ಪ್ರತಿ: ‘ಆತ ಗಾಡಿ ನಿಲ್ಲಿಸಿ, ಸಾರ್, ನಮ್ಮ ದೇಶದ ಪರವಾಗಿ ನಾನು ಕ್ಷಮೆ ಕೇಳ್ತೀನಿ ಅಂದ.’

ಶಿ-ಪ್ರತಿ: ‘ಗಾಡಿ ನಿಲ್ಸಿದ್ದು ಹೌದು. ಇಳಿಯೋ ಜಾಗ ಬಂದಿತ್ತು. ಇನ್ನೂ 10 ಡಾಲರ್ ಕೇಳ್ದ.’

ಮೊ-ಪ್ರತಿಯಲ್ಲಿ ಚಾಲಕ ಹುಡುಗ ಫುಟ್ಬಾಲ್ ಜೆರ್ಸಿ ತೊಟ್ಟಿದ್ದಾನೆ. 1976ಕ್ಕೆ ಆತನ ತಂದೆಯಾದರೂ ಹುಟ್ಟಿದ್ದನೋ ಇಲ್ಲವೋ. ಆಂತರಿಕ ಪ್ರಮಾಣಗಳು ಶಿ-ಪ್ರತಿಯ ಕಡೆ ವಾಲುತ್ತವೆ.

ಟನ್ನಿನ ಸಮಸ್ಯೆ

2024ರಲ್ಲಿ ಮಯಾಮಿಯಿಂದ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗು ಸುಮಾರು 365 ಮೀಟರ್ ಉದ್ದ, 2,48,663 ಟನ್. ನಮ್ಮ ದಂಪತಿ ಹೋದದ್ದು ಅದರಲ್ಲಲ್ಲ, ಅದಕ್ಕಿಂತ ಬಹಳ ಸಣ್ಣದರಲ್ಲಿ. ಇತ್ತೀಚಿನ ಪಾರಾಯಣಗಳಲ್ಲಿ ಈ ಅಂತರ ಮಾಸಿಹೋಗಿರುವುದನ್ನು ದಾಖಲಿಸಿ ಮುಂದೆ ಹೋಗುತ್ತೇನೆ.

ಟನ್ ಎಂದೊಡನೆ ಯಜಮಾನರು ಕಾಗದ ಪೆನ್ನು ಕೇಳಿ, ಇಷ್ಟು ಉಕ್ಕನ್ನು ಭದ್ರಾವತಿಯಲ್ಲಿ ಕರಗಿಸಿ ತೆಗೆಯಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕತೊಡಗಿದರು. ಅಳಿಯ ಮಧ್ಯೆ ಬಾಯಿ ಹಾಕಿ, ಪ್ರಯಾಣಿಕರ ಹಡಗಿನ ಈ ಟನ್ ತೂಕವನ್ನು ಹೇಳುವುದಿಲ್ಲ, ಒಳಗಿನ ಜಾಗವನ್ನು ಹೇಳುತ್ತದೆ ಎಂದ. ಮಾತು ನಿಜ. 19ನೆಯ ಶತಮಾನದ ಬ್ರಿಟಿಷ್ ಕಾನೂನಿನಲ್ಲಿ ನೂರು ಘನ ಅಡಿ ಜಾಗಕ್ಕೆ ಒಂದು ಟನ್ ಎಂದಿತ್ತು. ಈಗ ಸೂತ್ರ ಬದಲಾಗಿದ್ದರೂ ಅಳೆಯುವುದು ಒಳಗಿನ ಗಾತ್ರವನ್ನೇ. ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. ‘ಗಾಳೀನ ಟನ್ನಿನಲ್ಲಿ ಬರೀತಾರಾ? ನಮ್ಮ ಸ್ಟೋರ್ಸಿನಲ್ಲಿ ಹಾಗೆ ಬರೆದಿದ್ರೆ ಮಾರನೇ ದಿನ ಮನೆಗೆ ಕಳಿಸ್ತಿದ್ರು.’ ಇಲ್ಲಿ ಎರಡೂ ಪ್ರತಿಗಳು ಅಕ್ಷರಶಃ ಒಂದಾಗುತ್ತವೆ.

ಶಾಖಾಭೇದ

ಹಡಗು ಎಂದರೇನು ಎಂಬ ಮೂಲಪ್ರಶ್ನೆಯಲ್ಲಿ ಎರಡು ಶಾಖೆಗಳಿವೆ.

ಶಿವಮೊಗ್ಗ ಶಾಖೆಯ ಪ್ರಕಾರ ಅದೊಂದು ಕಲ್ಯಾಣ ಮಂಟಪ. ಪ್ರಮಾಣಗಳು ಪ್ರಬಲವಾಗಿವೆ. ಒಳಗೆ ಕಾಲಿಟ್ಟೊಡನೆ ನಗುವವರ ಸಾಲು. ರೂಮಿನ ಕೀಲಿ, ಬಿಸಿನೀರಿನ ವಿಚಾರಣೆ. ರಾತ್ರಿಯೂಟಕ್ಕೆ ಮೊದಲ ಪಂಕ್ತಿ, ಎರಡನೇ ಪಂಕ್ತಿ. ತಿನ್ನುವ ಮುಖಕ್ಕೇ ಕ್ಯಾಮೆರಾ ಹಿಡಿಯುವ ಫೋಟೋಗ್ರಾಫರ್. ಕೇಳುವವರಿದ್ದರೂ ಇಲ್ಲದಿದ್ದರೂ ನುಡಿಸುವ ವಾದ್ಯದವರು. ಎಲ್ಲರೂ ಒಳ್ಳೇ ಬಟ್ಟೆ ಹಾಕಿಕೊಂಡು ಬರಬೇಕಾದ ಒಂದು ರಾತ್ರಿಯೂ ಉಂಟು. ಆ ರಾತ್ರಿ ಮನೆಯಾಕೆ ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು ಮೆಟ್ಟಿಲು ಇಳಿದಾಗ ಪರದೇಶದ ಹೆಂಗಸರು ಸಾಲಾಗಿ ನಿಂತು ಜೊತೆಗೆ ಫೋಟೋ ತೆಗೆಸಿಕೊಂಡರು. ‘ವಧೂವರರು ಯಾರು ಅನ್ನೋದೊಂದು ಮಾತ್ರ ಕೊನೇವರೆಗೂ ತಿಳೀಲಿಲ್ಲ’ ಎನ್ನುತ್ತದೆ ಶಿ-ಪ್ರತಿ. ರೂಮಿನ ಹುಡುಗ ದಿನವೂ ಟವೆಲ್ ಮಡಚಿ ಮಂಚದ ಮೇಲೆ ಪ್ರಾಣಿ ಮಾಡಿಟ್ಟು ಹೋಗುತ್ತಿದ್ದ. ಒಂದು ದಿನ ಆನೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆ ಮೀಯುವುದನ್ನು ನೋಡಿ ಬೆಳೆದವರ ಎದುರು ಟವೆಲಿನ ಆನೆ ನಿಲ್ಲುವುದು ಕಷ್ಟ. ‘ಸೊಂಡಿಲು ಗಿಡ್ಡ’ ಎಂದು ಷರಾ ಬರೆದು ಕಿವಿ ಎಳೆದು ಸರಿಮಾಡಿದರು.

ಭದ್ರಾವತಿ ಶಾಖೆ ಇದನ್ನೆಲ್ಲ ತೋರಿಕೆ ಎಂದು ತಳ್ಳಿಹಾಕುತ್ತದೆ. ಹಡಗು ಒಂದು ಕಾರ್ಖಾನೆ. ಇಳಿಯುವಾಗ, ಹತ್ತುವಾಗ ಕಾರ್ಡು ಒತ್ತಬೇಕು: ಗೇಟ್ ಪಾಸ್. ಮೊದಲ ದಿನವೇ ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು: ಸೈರನ್. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಸೇರಿ ಮಾಡಿಕೊಂಡ ಸಮುದ್ರ ಸುರಕ್ಷತಾ ಒಪ್ಪಂದದ ವಂಶದ ಕಟ್ಟಳೆ ಇದು. ಪ್ರಾಣಾಪಾಯವಾದರೆ ಯಾರು ಎಲ್ಲಿ ಸೇರಬೇಕೆಂದು ತೋರಿಸಿಕೊಡುತ್ತಾರೆ. ಉಳಿದವರು ಲೈಫ್ ಜಾಕೆಟ್ ಎಲ್ಲಿ ಎಂದು ಹುಡುಕುತ್ತಿದ್ದರೆ ಯಜಮಾನರು ಅಭ್ಯಾಸಬಲದಿಂದ ವಾಚು ನೋಡಿಕೊಂಡು, ‘ಎರಡನೇ ಪಾಳಿ’ ಎಂದರಂತೆ.

ಅವರ ನಿಜವಾದ ಕ್ಷೇತ್ರಕಾರ್ಯ ನಡೆದದ್ದು ಊಟದ ಮೇಜಿನಲ್ಲಿ. ಗೋವಾ, ಮಂಗಳೂರು ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವವರು ಬಹುಕಾಲದಿಂದ ಇದ್ದಾರೆ. ಬಡಿಸಲು ಬಂದ ಹುಡುಗ ಕುಂದಾಪುರ ಕಡೆಯವನು. ‘ಎಂತ ಬೇಕು ಮಾರಾಯ್ರೆ?’ ಎಂದು ಆತ ಅಟ್ಲಾಂಟಿಕ್ಕಿನ ಆಚೆ ಕೇಳಿದ ಕ್ಷಣವನ್ನು ಎರಡೂ ಪ್ರತಿಗಳು ಯಾನದ ಶಿಖರವೆಂದು ಒಪ್ಪುತ್ತವೆ. ಮನೆಯಾಕೆ ಮೊಸರನ್ನದ ಏರ್ಪಾಡು ಮಾಡಿಕೊಂಡರು. ಯಜಮಾನರು ಪಾಳಿ ಎಷ್ಟು ಗಂಟೆ, ವಾರದ ರಜೆ ಯಾವತ್ತು, ಓಟಿ ಎಷ್ಟು, ಯೂನಿಯನ್ ಯಾವುದು ಎಂದು ಸಾಲಾಗಿ ಕೇಳಿದರು. ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟು, ಅದು ಮುಗಿಯುವವರೆಗೆ ಪೂರ್ತಿ ರಜೆಯ ದಿನವಿಲ್ಲ ಎಂದು ತಿಳಿದು ಅವರು ಚಮಚ ಕೆಳಗಿಟ್ಟರು. 2006ರ ನಾವಿಕ ಕಾರ್ಮಿಕ ಒಪ್ಪಂದ ಹೇಳುವುದು ಇಷ್ಟು: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿರಾಮ ಕೊಡಬೇಕು. ಯಜಮಾನರು ಇದನ್ನು ಉಲ್ಟಾ ಓದಿದರು. ಮಿಕ್ಕದ್ದೆಲ್ಲ ಡ್ಯೂಟಿ ಆಗಬಹುದು ಎಂದಾಯಿತಲ್ಲ! ಮಾಲೀಕರು ಅಮೆರಿಕದಲ್ಲಿ, ಹಡಗಿನ ಬಾವುಟ ಬಹಾಮಾಸ್‌ನದು, ಹುಡುಗ ಕುಂದಾಪುರದವನು. ಹಾಗಾದರೆ ಮುಷ್ಕರ ಹೂಡುವುದು ಯಾರ ಮನೆ ಮುಂದೆ? ಈ ಪ್ರಶ್ನೆಗೆ ಹುಡುಗ ನಕ್ಕು, ಇನ್ನೊಂದು ಸೌಟು ಮೊಸರನ್ನ ಹಾಕಿ ಹೋದ.

ಹಾಸ್ಯಕ್ಕೆ ಒಗ್ಗದ ಒಂದು ಟಿಪ್ಪಣಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಹಾಕಿ 1923ರ ಜನವರಿಯಲ್ಲಿ ಕುಲುಮೆ ಹಚ್ಚಿದ ಊರು ಭದ್ರಾವತಿ. ಅಲ್ಲಿನ ಕಾಗದದ ಕಾರ್ಖಾನೆ 2015ರಿಂದ ನಿಂತಿದೆ. ನೂರು ತುಂಬಿದ ತಿಂಗಳಲ್ಲೇ, ಅಂದರೆ 2023ರ ಜನವರಿಯಲ್ಲೇ, ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಯಾನದ ಕೊನೆಯ ದಿನ ಯಜಮಾನರು ಕುಂದಾಪುರದ ಹುಡುಗನ ಕೈಗೆ ಗುಟ್ಟಾಗಿ ನೋಟು ತುರುಕಿದರೆಂದು ಶಿ-ಪ್ರತಿ ಹೇಳುತ್ತದೆ. ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಭಕ್ಷೀಸು ಮೊದಲೇ ಬಿಲ್ಲಿಗೆ ಸೇರಿದೆ ಎಂದು ಅಳಿಯ ಹೇಳಿದರೂ ಕೇಳಲಿಲ್ಲವಂತೆ. ಮಾತುಮಾತಿಗೂ ಲೆಕ್ಕ ಕೊಡುವ ಭ-ಪ್ರತಿ ಈ ಲೆಕ್ಕವನ್ನು ಕೊಡುವುದಿಲ್ಲ.

ಜಲಪ್ರಕರಣ

ತುಂಗಾ ಪಾನ, ಗಂಗಾ ಸ್ನಾನ ಎಂದು ಕೇಳಿ ಬೆಳೆದವರಿಗೆ ಸಮುದ್ರದ ಉಪ್ಪುನೀರನ್ನು ಯಂತ್ರದಲ್ಲಿ ಸಿಹಿಮಾಡಿ ಲೋಟಕ್ಕೆ ತುಂಬಿ ಕೊಡುವುದು ಧರ್ಮಸಂಕಟ. ಮನೆಯಾಕೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, ‘ಭದ್ರೆಗಿಂತ ವಾಸಿ’ ಎಂದರು. ಯಜಮಾನರು ಅಂದು ಎರಡನೇ ಪಂಕ್ತಿಗೆ ಕೂತರು.

ಸಮುದ್ರದ ಅಳತೆಯೂ ಮನೆಯಾಕೆಗೆ ಸಮಾಧಾನ ಕೊಡಲಿಲ್ಲ. ಶಿವಮೊಗ್ಗದವರಿಗೆ ನೀರಿನ ಏರಿಳಿತ ತಿಳಿಯುವುದು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೆ ನಿಂತಿರುವ ಮಂಟಪದಿಂದ. ಮಂಟಪ ಮುಳುಗಿತೆಂದರೆ ಮಳೆಗಾಲ ಪಾಸು. ಊರೇ ಕೊಡೆ ಹಿಡಿದು ನೋಡಲು ಹೋಗುತ್ತದೆ. ಒಂದು ರಾತ್ರಿ ಅಲೆ ಎದ್ದು ಹಡಗು ಹೊಯ್ದಾಡಿದಾಗ ಅವರು ಬಾಲ್ಕನಿಯಿಂದ ಕತ್ತಲೆಯನ್ನು ನಿರುಕಿಸಿ, ‘ನೀರು ಎಷ್ಟು ಬಂದಿದೆ ಅಂತ ನೋಡೋಣ ಅಂದ್ರೆ ಇಷ್ಟು ದೊಡ್ಡ ಸಮುದ್ರಕ್ಕೆ ಒಂದು ಮಂಟಪ ಇಲ್ವಲ್ಲರೀ’ ಎಂದರು. ಸಾಗರಶಾಸ್ತ್ರದ ಈ ಕೊರತೆಯನ್ನು ಬೇರೆ ಯಾರೂ ಎತ್ತಿ ಆಡಿದ್ದನ್ನು ನಾನು ಓದಿಲ್ಲ.

ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಆಚೆಯೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಇಲ್ಲಿ ಇಬ್ಬರಿಗೂ ಒಮ್ಮೆಲೇ ಜೀವ ಬಂತು. ಇದು ಲಾಂಚು! ಹೊಳೆಬಾಗಿಲಿನಲ್ಲಿ ಸರದಿ ಕಾದು, ಬಸ್ಸು ಜೀಪುಗಳ ನಡುವೆ ನಿಂತು, ಲಿಂಗನಮಕ್ಕಿ ಹಿನ್ನೀರು ದಾಟಿ ಸಿಗಂದೂರಮ್ಮನ ದರ್ಶನಕ್ಕೆ ಹೋದವರಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಬೇರೆ ಪ್ರಯಾಣಿಕರು ಹಗ್ಗ ಹಿಡಿದು ಕಿರುಚುತ್ತಿದ್ದರೆ ಮನೆಯಾಕೆ ನೀರಿಗೆ ಒಂದು ನಾಣ್ಯ ಹಾಕಿ ಕೈಮುಗಿದರು. ಯಜಮಾನರು ‘ಹಿಂದೆ ಸರೀರಿ, ಹಿಂದೆ ಸರೀರಿ’ ಎಂದು ಅಮೆರಿಕನ್ನರನ್ನು ಒತ್ತಾಗಿ ನಿಲ್ಲಿಸಿದರು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿ, ಅಲ್ಲಿ ಲಾಂಚಿಗೆ ಕಾಯುವ ಪಾಡು ತಪ್ಪಿದೆ. ಸರದಿ ಕಾಯುವ ಆ ಪ್ರಾಚೀನ ವಿದ್ಯೆ ಬೇಕಾದವರು ಇನ್ನು ಕೇಮನ್ನಿಗೇ ಹೋಗಬೇಕು.

ಗ್ರಂಥಪಾತಗಳು

ಎರಡನೇ ದಿನದ ಮಧ್ಯಾಹ್ನ ಭ-ಪ್ರತಿಯಲ್ಲಿ ಇಲ್ಲವೇ ಇಲ್ಲ. ‘ಬಾತ್‌ರೂಮಿನಲ್ಲಿದ್ರು’ ಎಂದು ಶಿ-ಪ್ರತಿ ಒಂದೇ ಮಾತಿನಲ್ಲಿ ತುಂಬಿಕೊಡುತ್ತದೆ. ಹಡಗು ಬಂದರಿನಿಂದ ದೂರ ಸರಿದ ಮೇಲೆಯೇ ತೆರೆಯುವ ಜೂಜುಕಟ್ಟೆಯ ಪ್ರಸ್ತಾಪ ಬಂದಾಗ ಎರಡೂ ಪ್ರತಿಗಳಿಗೆ ಏಕಕಾಲದಲ್ಲಿ ಗೆದ್ದಲು ಹಿಡಿದಿದೆ. ಕ್ಯಾಪ್ಟನ್ ಯಜಮಾನರ ಹೆಗಲ ಮೇಲೆ ಕೈಹಾಕಿ ಉಕ್ಕಿನ ಗುಣಮಟ್ಟ ಚರ್ಚಿಸಿದ ಪ್ರಸಂಗ ನಿಸ್ಸಂಶಯವಾಗಿ ಪ್ರಕ್ಷಿಪ್ತ. ಅದು ಮೊದಲು ಕಾಣಿಸಿಕೊಂಡದ್ದು ಮೊನ್ನೆಯ ಗೃಹಪ್ರವೇಶದಲ್ಲಿ.

ಒಟ್ಟು ಖರ್ಚು ಎಷ್ಟು ಎಂಬ ಪದ್ಯ ಯಾವ ಪ್ರತಿಯಲ್ಲೂ ಉಳಿದಿಲ್ಲ. ಮೂಲ ಓಲೆ ಅಳಿಯನ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ರೂಪದಲ್ಲಿ ಇದೆಯೆಂದು ತಿಳಿದು, ಸಂಶೋಧನೆಯ ಹಿತದೃಷ್ಟಿಯಿಂದ ಒಂದು ನಕಲು ಕಳಿಸಬೇಕೆಂದು ವಾಟ್ಸ್ಯಾಪ್‌ನಲ್ಲಿ ವಿನಂತಿಸಿಕೊಂಡೆ. ನಗುವ ಮುಖ ಒಂದು, ಅದರ ಪಕ್ಕದಲ್ಲಿ ಅಳುವ ಮುಖ ಒಂದು ಬಂದಿದೆ. ಇದನ್ನು ಅನುಮತಿಯೆಂದು ಓದಬೇಕೋ, ನಿರಾಕರಣೆಯೆಂದೋ, ಅಥವಾ ಮೊತ್ತವೆಂದೇ ಓದಬೇಕೋ ಎಂಬುದನ್ನು ಲಿಪಿತಜ್ಞರ ಅವಗಾಹನೆಗೆ ಬಿಡಲಾಗಿದೆ.