ಸ್ಪ್ಯಾನರ್ ಸಂಕಲ್ಪ

ನಮ್ಮ ಕಾರಿನ 40,000 ಕಿಲೋಮೀಟರ್ ಸರ್ವೀಸಿಗೆ 14,300 ರೂಪಾಯಿ ಎಸ್ಟಿಮೇಟ್ ಬಂತು. ಎಂಜಿನ್ ಆಯಿಲ್, ಫಿಲ್ಟರುಗಳು, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬ್ರೇಕ್ ಆಯಿಲ್. ಅಲ್ಲಿಯವರೆಗೆ ಒಪ್ಪೋಣ. ಅದರ ಕೆಳಗೆ ಎಂಜಿನ್ ಡ್ರೆಸ್ಸಿಂಗ್ ಅಂತ ಬೇರೆ! ಬಾನೆಟ್ಟಿನೊಳಗಿನ ಹೊಳಪನ್ನು ಯಾರು ನೋಡಬೇಕು? ಕೊನೆಗೆ ಲೇಬರ್, ಅದರ ಮೇಲೆ ಶೇ. 18 ಜಿಎಸ್‌ಟಿ.

"ಇದನ್ನೆಲ್ಲ ನಾನೇ ಮಾಡ್ತೀನಿ ಕಣೇ" ಎಂದೆ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ಹಳೇ ಆಯಿಲ್ ಯಾವುದರಲ್ಲಿ ಹಿಡೀತೀರಿ?"

ಯೂಟ್ಯೂಬಿನ ಹುಡುಗ ಅದನ್ನು ತೋರಿಸಿರಲಿಲ್ಲ. ಬೋಲ್ಟ್ ಬಿಚ್ಚುತ್ತಾನೆ, ಕರಿ ಎಣ್ಣೆ ಸುರಿಯುತ್ತದೆ, ಮರುಕ್ಷಣ ನಗುತ್ತ ಹೊಸ ಎಣ್ಣೆ ಹಾಕುತ್ತಿರುತ್ತಾನೆ. ಹಳೇ ಎಣ್ಣೆ ಅಪಾಯಕಾರಿ ತ್ಯಾಜ್ಯ, ಮೋರಿಗೆ ಚೆಲ್ಲುವಂತಿಲ್ಲ. ನನ್ನ ಕಣ್ಣು ಅಟ್ಟದ ಮೇಲಿನ ದೊಡ್ಡ ಬೇಸನ್ನಿನತ್ತ ಹೊರಳಿತು.

"ಅದು ಚಕ್ಕುಲಿ ಹಿಟ್ಟಿನದು" ಎಂದಳು, ತಲೆ ಎತ್ತದೆಯೇ.

ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವಾಗೆಲ್ಲ ಆ ಬಿಡಿಭಾಗದ ಅಂಗಡಿಗಳ ಮುಂದೆ ಹಾದಿದ್ದೇನೆ, ಗಿರಾಕಿಯಾಗಿ ಒಳಗೆ ಕಾಲಿಟ್ಟಿರಲಿಲ್ಲ. ಅಂಗಡಿಯಾತ ಗಾಡಿ ಯಾವುದೆಂದು ಕೇಳಿದ. "ಬಿಳೀದು" ಎಂದೆ. ಆತ ಸಜ್ಜನ, ನಗಲಿಲ್ಲ. ಯಾವ ವರ್ಷದ್ದು, ಪೆಟ್ರೋಲಾ ಸಿಎನ್‌ಜಿನಾ, ಚಾಸಿ ನಂಬರ್ ಇದೆಯಾ ಎಂದು ಒಂದೊಂದಾಗಿ, ಮಗುವಿಗೆ ವಿಳಾಸ ಕೇಳುವಂತೆ ಕೇಳಿದ. ಎಸಿ ಫಿಲ್ಟರ್ ಒಂದನ್ನು ಕೊಂಡು, ಸಲಕರಣೆಗಳ ರೇಟು ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ಚೀಟಿ ನೇರವಾಗಿ ಹಣಕಾಸು ಖಾತೆಗೆ ಹೋಯಿತು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಸುಳಬಾರದು, ಸ್ಟ್ಯಾಂಡ್ ಬೇಕು. ಡ್ರೈನ್ ಬೋಲ್ಟನ್ನು ಕೈಲಿ ಶಕ್ತಿಯಿದೆಯೆಂದು ತಿರುಗಿಸುತ್ತ ಹೋದರೆ ಥ್ರೆಡ್ ಹಾಳಾಗುತ್ತದೆ, ಅದಕ್ಕೆ ಟಾರ್ಕ್ ರೆಂಚ್. ಸಾಕೆಟ್ ಸೆಟ್, ಟ್ರೇ, ಲಾಳಿಕೆ. ಒಟ್ಟು 12,000.

"ಆಯಿಲ್ ಬದಲಿಸೋ ಲೇಬರ್ ಎಷ್ಟು ಉಳಿಯುತ್ತೆ?"

"ಸಲಕ್ಕೆ ಒಂದೂವರೆ ಸಾವಿರ."

"ಸರ್ವೀಸ್ ವರ್ಷಕ್ಕೊಂದು. ಅಂದ್ರೆ ಹಾಕಿದ ದುಡ್ಡು ಹುಟ್ಟೋಕೆ ಎಂಟು ವರ್ಷ. ಗಾಡಿಗೆ ಈಗಲೇ ಏಳು. ಹದಿನೈದಕ್ಕೆ ರಿಜಿಸ್ಟ್ರೇಷನ್ನೇ ಮುಗಿಯುತ್ತಲ್ರೀ!"

ನನ್ನ ಲಾಭ ಶುರುವಾಗುವ ದಿನ ನಾನು ಕಾರಿನ ಸಮೇತ ಆರ್‌ಟಿಒ ಕಚೇರಿಯ ಸಾಲಿನಲ್ಲಿರುತ್ತೇನೆ.

ಬ್ರೇಕ್ ಆಯಿಲ್ ವಿಚಾರದಲ್ಲಿ ವಾದವೇ ಆಗಲಿಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಒತ್ತಿದ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬದಲಿಸುವಾಗ ಒಳಗೆ ಗಾಳಿ ಉಳಿದರೂ ಅದೇ ಪಾಡು. ನಾವು ಧರ್ಮಸ್ಥಳಕ್ಕೆ ಹೋಗುವುದು ಚಾರ್ಮಾಡಿ ಘಾಟಿ ಇಳಿದು. "ಮಂಜುನಾಥನ್ನ ಅಲ್ಲೇ ಹೋಗಿ ನೋಡೋಣ, ದಾರೀಲಿ ಬೇಡ" ಎಂದಳು.

ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಎಸಿ ಫಿಲ್ಟರ್. ಗ್ಲವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಕ್ಕೆ ಅದುಮಿದರೆ ಅದು ಪೂರ್ತಿ ಕೆಳಗೆ ಜೋತುಬೀಳುತ್ತದೆ. ಹಿಂದೆ ಸಣ್ಣ ಮುಚ್ಚಳ. ತೆಗೆದು ಎಳೆದೆ. ಬಿಳಿ ಇರಬೇಕಾದ ಫಿಲ್ಟರ್ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಮಡಿಕೆ ಮಡಿಕೆಯಲ್ಲೂ ಒಣಗಿದ ಹೊಂಗೆ ಹೂವು, ರೆಕ್ಕೆ ಕಳಚಿದ ಯಾವುದೋ ಹುಳ. ಮನೆ ಮುಂದಿನ ಹೊಂಗೆಮರದ ನೆರಳು ಪುಕ್ಕಟೆಯೆಂದು ನಂಬಿದ್ದೆ. ಹೊಸದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಬೇಕು. ಗಾಳಿ ಯಾವ ಕಡೆಗೆ ಹೋಗುತ್ತದೆಂದು ನಾನು ಬಗ್ಗಿ ಚಿಂತಿಸುತ್ತಿದ್ದಾಗ ಮಗಳು ಹಳೆಯ ಫಿಲ್ಟರಿನ ಬಾಣ ನೋಡಿ ಹೇಳಿದಳು.

ಕಾರಿನ ಕೈಪಿಡಿ ತೆರೆದು, ಅದರಲ್ಲಿಲ್ಲದ ಡ್ರೆಸ್ಸಿಂಗ್, ಪಾಲಿಶ್, ಕೋಟಿಂಗುಗಳನ್ನೆಲ್ಲ ಎಸ್ಟಿಮೇಟಿನಿಂದ ಹೊಡೆದುಹಾಕಿಸಿದವಳು ಹೆಂಡತಿಯೇ. 3,400 ಇಳಿಯಿತು, ಸ್ಪ್ಯಾನರ್ ಮುಟ್ಟದೆ. ಉಳಿದದ್ದಕ್ಕೆ ಗಾಡಿ ಬಿಟ್ಟುಬಂದೆವು.

ಸಂಜೆ ಕಾಫಿ ಹೊತ್ತಿಗೆ ಫಿಲ್ಟರ್ ಹಾಕಿದ ಕೂಲಿ ಕೇಳಿದೆ.

"ಜಿಎಸ್‌ಟಿ ನಂಬರ್ ಇದೆಯಾ?" ಎಂದಳು.