ಪ್ರಿನ್ಸ್ ಮತ್ತು ನನ್ನ ಹೆಬ್ಬೆರಳು

ಬಲಗೈ ಹೆಬ್ಬೆರಳಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಗೃಹಪ್ರವೇಶದ ಊಟಕ್ಕೆ ಹೋಗಬಾರದು ಸ್ವಾಮಿ. ಬೇರೆ ಯಾವ ಬೆರಳಾದರೂ ನಡೆಯುತ್ತದೆ. ಹೆಬ್ಬೆರಳಿಲ್ಲದೆ ಸಾರನ್ನ ಬಾಯಿಗೆ ಹೋಗುವುದಿಲ್ಲ. ನಾಲ್ಕು ಬೆರಳಲ್ಲಿ ಎತ್ತಿದ ತುತ್ತು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಎಲೆಗೇ ಮರಳುತ್ತದೆ. ಬೇರೆ ದಾರಿ ಕಾಣದೆ ಚಮಚ ಕೇಳಿದೆ. ಬಾಳೆಲೆ ಮುಂದೆ ಕೂತು ಚಮಚ ಕೇಳಿದ ಮೇಲೆ ಮುಗಿಯಿತು. "ಕಾಯಿ ತುರಿಯೋಕೆ ಹೋಗಿದ್ಯೇನೋ?" ಎಂದರು ಎದುರು ಪಂಕ್ತಿಯ ದೊಡ್ಡಮ್ಮ. "ಕಾರಿನ ಬಾಗಿಲಿಗೆ ಸಿಕ್ಕಿರಬೇಕು" ಎಂದರು ಪಕ್ಕದವರು. "ಶುಗರ್ ಇದ್ಯಾ? ಇದ್ರೆ ಬೆರಳಲ್ಲವೇ ಅಂತ ಉದಾಸೀನ ಮಾಡ್ಬೇಡಿ" ಎಂದು ಯಾರೋ ಹಿಂದಿನಿಂದ ಹೆದರಿಸಿದರು. ನಾನು ಕಾರಿನ ಬಾಗಿಲನ್ನೇ ಆರಿಸಿಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಎಂಥದೂ ಇಲ್ಲ ದೊಡ್ಡಮ್ಮ, ರಾತ್ರಿಯೆಲ್ಲ ಕೂತು ವಿಡಿಯೋ ಗೇಮ್ ಆಡಿದ್ರು" ಎಂದಳು. ಆಮೇಲೆ ಆ ಪಂಕ್ತಿಯಲ್ಲಿ ಯಾರೂ ನನ್ನ ಆರೋಗ್ಯ ವಿಚಾರಿಸಲಿಲ್ಲ.

ಆಟ ಯಾವುದೆಂದರೆ 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್'. ಯೂಬಿಸಾಫ್ಟ್ ಕಂಪನಿಯ ಮಾಂಟ್‌ಪೆಲಿಯೇ ಸ್ಟುಡಿಯೋದವರು ಮಾಡಿದ್ದು, 2024ರ ಜನವರಿಯಲ್ಲಿ ಬಂದದ್ದು. ನಾನು ಇದನ್ನು ಆಡಿದ್ದು ಖುಷಿಗೆ ಎನ್ನುವುದಕ್ಕಿಂತ ಹಟಕ್ಕೆ. "ಹಳೇ ಪ್ರಿನ್ಸ್ ಮುಂದೆ ಇವೆಲ್ಲ ಯಾವ ಲೆಕ್ಕ" ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುವವನು ನಾನು. ಅಕ್ಕನ ಮಗಳು ಒಂದು ದಿನ, "ಆಡದೇ ಹೇಗೆ ಹೇಳ್ತೀರಿ ಮಾಮ?" ಎಂದುಬಿಟ್ಟಳು. ಈಗಿನ ಮಕ್ಕಳು ಸಾಕ್ಷಿ ಕೇಳುತ್ತಾರೆ. ನಮ್ಮ ಕಾಲದಲ್ಲಿ ಸೋದರಮಾವ ಹೇಳಿದ್ದೇ ಸಾಕ್ಷಿಯಾಗಿತ್ತು.

ಹಳೇ ಪ್ರಿನ್ಸ್ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ತೊಂಬತ್ತರ ದಶಕದಲ್ಲಿ ನಮ್ಮ ಮಲೆನಾಡಿನ ಊರುಗಳಲ್ಲೂ ಕಂಪ್ಯೂಟರ್ ಕ್ಲಾಸುಗಳು ಹುಟ್ಟಿಕೊಂಡವು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕು. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದು ಬೋರ್ಡು. ಅಪ್ಪ ಫೀಸು ಕಟ್ಟಿದ್ದು ಡಿಬೇಸಿಗೆ, ನಾನು ಕಲಿತದ್ದು ಪ್ರಿನ್ಸ್. ಮೇಷ್ಟರು ಕಾಫಿಗೆ ಎದ್ದರೆಂದರೆ ಇಡೀ ಕೋಣೆಯಲ್ಲಿ ಬಾಣದ ಗುರುತಿನ ಕೀಲಿಗಳ ಟಕಟಕ. ನಮ್ಮ ಮಾನಿಟರುಗಳೋ ಒಂದೇ ಬಣ್ಣದವು. ಈ ಆಟದಲ್ಲಿ ಸಿಗುವ ಸೀಸೆಗಳಲ್ಲಿ ಕೆಂಪು ಗುಳ್ಳೆ ಬಂದರೆ ಔಷಧ, ನೀಲಿ ಗುಳ್ಳೆ ಬಂದರೆ ಅಪಾಯ. ನಮಗೆ ಎಲ್ಲ ಗುಳ್ಳೆಯೂ ಒಂದೇ. ದೇವರ ಮೇಲೆ ಭಾರ ಹಾಕಿ ಕುಡಿಯುತ್ತಿದ್ದೆವು. ಇದಲ್ಲದೆ ಮೊದಲ ಲೆವೆಲ್ ಮುಗಿದೊಡನೆ ಆಟವೇ ಒಂದು ಪರೀಕ್ಷೆ ಇಡುತ್ತಿತ್ತು: ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಅಕ್ಷರದ ಸೀಸೆ ಕುಡಿ. ದುಡ್ಡು ಕೊಟ್ಟು ಕೊಂಡವನು ಯಾರು, ಕದ್ದವನು ಯಾರು ಎಂದು ಪತ್ತೆ ಮಾಡುವ ಉಪಾಯ. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಘಟ್ಟ ಹತ್ತಿ ಬಂದ ಆಟಕ್ಕೆ ಕೈಪಿಡಿ ಎಲ್ಲಿಂದ ಬರಬೇಕು? ತಪ್ಪು ಸೀಸೆ ಕುಡಿದು ಸತ್ತ ನನ್ನ ರಾಜಕುಮಾರರ ಲೆಕ್ಕ ಯಾರೂ ಇಟ್ಟಿಲ್ಲ.

ರಾಜಕುಮಾರ ಎಂದೆ. ಅಸಲಿಗೆ ಅವನು ರಾಜಕುಮಾರನೇ ಅಲ್ಲ. ಹೊರಗಿನಿಂದ ಬಂದು ನೆಲಮಾಳಿಗೆ ಸೇರಿದ ಒಬ್ಬ ಅನಾಮಿಕ. ವಜೀರ ಜಾಫರ್ ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಟ್ಟಿದ್ದಾನೆ: ತನ್ನನ್ನು ಮದುವೆಯಾಗಬೇಕು ಇಲ್ಲವೆ ಸಾಯಬೇಕು. ನಮ್ಮವನು ಆ 60 ನಿಮಿಷದಲ್ಲಿ 12 ಲೆವೆಲ್ ದಾಟಿ ಮೇಲೆ ಬರಬೇಕು. ಆಟದ ಗಂಟೆಯಲ್ಲ, ನಮ್ಮ ಗೋಡೆ ಗಡಿಯಾರದ ಗಂಟೆ. ಸತ್ತರೆ ಅದೇ ಲೆವೆಲ್ಲನ್ನು ಎಷ್ಟು ಸಲ ಬೇಕಾದರೂ ಮತ್ತೆ ಆಡಬಹುದು, ಆದರೆ ಹೋದ ನಿಮಿಷ ಹೋದದ್ದೇ. ಪ್ರಾಣಕ್ಕೆ ಬೆಲೆಯಿಲ್ಲ, ಕಾಲಕ್ಕಿದೆ. ಇಂಥ ಲೆಕ್ಕಾಚಾರ ಯಾವ ಸಾಹುಕಾರನ ತಲೆಗೆ ಹೊಳೆಯಿತೋ ಎಂದು ಆಗ ಬೈದುಕೊಂಡಿದ್ದೆ.

ಹೊಳೆದದ್ದು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಹುಡುಗನಿಗೆ. ಯೇಲ್ ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದವನು. 1985ರಲ್ಲಿ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ವಾಹನ ನಿಲ್ಲಿಸುವ ಬಯಲಿಗೆ ಕರೆದೊಯ್ದು ಓಡು, ಹಾರು, ಹತ್ತು ಎಂದು ವಿಡಿಯೋ ಹಿಡಿದ. ಆ ವಿಡಿಯೋವನ್ನು ಟೀವಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಕ್ಯಾಮೆರಾದಲ್ಲಿ ಫೋಟೋ ತೆಗೆದು, ತೊಳೆಸಿ, ಫೋಟೋದ ಮೇಲೆ ಕಪ್ಪು ಮಾರ್ಕರ್, ಬಿಳಿ ಬಣ್ಣ ಬಳಿದು ಆಕಾರ ಬಿಡಿಸಿ, ಜೆರಾಕ್ಸ್ ಮಾಡಿ, ಅದನ್ನು ಕಂಪ್ಯೂಟರಿಗೆ ಏರಿಸಿದ. ಕತ್ತಿವರಸೆಗೆ 1938ರ ರಾಬಿನ್ ಹುಡ್ ಸಿನಿಮಾದ ಕಾಳಗದ ತುಣುಕು. ಸಂಗೀತ ಅವರ ಅಪ್ಪನದು. ಮನೆಮಂದಿಯನ್ನೆಲ್ಲ ದುಡಿಸಿಕೊಂಡು ಆಪಲ್ ಟೂ ಯಂತ್ರಕ್ಕೆ 1989ರಲ್ಲಿ ಹೊರತಂದ ಆಟ ಇದು. ನಮ್ಮಲ್ಲಿಗೆ ಬಂದ ಡಾಸ್ ಆವೃತ್ತಿ ಮರುವರ್ಷದ್ದು.

ತಮ್ಮನನ್ನು ಓಡಿಸಿದ್ದರಿಂದ ಏನಾಯಿತು ಎಂದರೆ, ಆಟದೊಳಗಿನ ಬೊಂಬೆಗೆ ಮೈಭಾರ ಬಂತು. ಮಾರಿಯೋ ಹಾರಿದ ಮೇಲೂ ಗಾಳಿಯಲ್ಲಿ ಅತ್ತಿತ್ತ ತಿರುಗಬಲ್ಲ, ಅವನಿಗೆ ಎಲುಬಿಲ್ಲ. ಪ್ರಿನ್ಸ್ ಹಾಗಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಓಡಿದವರಿಗೆ ಅವನ ಕಷ್ಟ ಗೊತ್ತಾಗುತ್ತದೆ: ನಿಲ್ಲಬೇಕೆಂದು ತೀರ್ಮಾನಿಸುವುದು ಒಂದು ಕಡೆ, ನಿಲ್ಲುವುದು ಇನ್ನೊಂದು ಕಡೆ, ನಡುವಿನ ಎರಡು ಮಾರು ದೈವಾಧೀನ. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ. ಎರಡು ಅಂತಸ್ತಿಗೆ ಒಂದು ಪ್ರಾಣ ಕಡಿಮೆ. ಮೂರಾದರೆ ಅಲ್ಲಿಗೆ ಮುಗಿಯಿತು. ಶಿಫ್ಟ್ ಕೀಲಿ ಒತ್ತಿ ಮೆಲ್ಲಗೆ ನಡೆಸುತ್ತ ಅಂಚಿಗೆ ತಂದರೆ, ಕಾಲಿನ ತುದಿಯನ್ನು ಹೊರಗೆ ಚಾಚಿ, ನೆಲವಿಲ್ಲ ಎಂದು ಗೊತ್ತಾಗಿ ಹಿಂದಕ್ಕೆಳೆದುಕೊಳ್ಳುತ್ತಾನೆ. ಬೆರಳೆಣಿಕೆಯ ಚಿತ್ರಗಳಲ್ಲಿ ಮಾಡಿದ ಆ ಒಂದು ಅಂಜಿಕೆಯನ್ನು ಇಷ್ಟು ವರ್ಷವಾದರೂ ನಾನು ಬೇರೆ ಆಟದಲ್ಲಿ ಕಂಡಿಲ್ಲ. ಅವನಿಗೆ ಜೀವದಾಸೆಯಿತ್ತು ಸ್ವಾಮಿ, ನಮಗಿಲ್ಲದಿದ್ದರೂ.

ಆಮೇಲಿನ ಅವತಾರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. 1993ರ ಎರಡನೇ ಭಾಗ ಮೊದಲಿನಷ್ಟೇ ಕಟುಕ. 1999ರ ತ್ರೀಡಿ ಪ್ರಯೋಗದ ಮಾತು ಬೇಡ, ಹೋದವರ ಬಗ್ಗೆ ಕೆಟ್ಟದ್ದು ಹೇಳಬಾರದು. 2003ರಲ್ಲಿ 'ಸ್ಯಾಂಡ್ಸ್ ಆಫ್ ಟೈಮ್' ಬಂತು. ಮೆಕ್ನರ್ ಕೈಯಾಡಿಸಿದ ಕಥೆ. ಬಹಳ ಸೊಗಸಾದ ಆಟ. ಅದರಲ್ಲಿ ಒಂದು ಕಠಾರಿ. ಬಿದ್ದರೆ ಅದರ ಗುಂಡಿ ಒತ್ತಿ, ಕಾಲ ಹಿಂದಕ್ಕೆ ಸುರುಳಿ ಸುತ್ತಿಕೊಂಡು ನೀವು ಮತ್ತೆ ಅಂಚಿನ ಮೇಲೆ. ಕಥೆ ಹೇಳುವವನೂ ರಾಜಕುಮಾರನೇ ಆದ್ದರಿಂದ, ನೀವು ಸತ್ತೇಹೋದರೆ ಅದು ಹಾಗೆ ನಡೆಯಲಿಲ್ಲ ಎಂದು ತಿದ್ದಿಕೊಂಡು ಮುಂದುವರಿಯುತ್ತಾನೆ. 2008ರ ಆಟದಲ್ಲಿ ಇನ್ನೂ ಸುಖ: ಪ್ರಪಾತಕ್ಕೆ ಬಿದ್ದರೆ ಎಲಿಕಾ ಎಂಬ ಜೊತೆಗಾತಿ ಕೈಹಿಡಿದು ಎತ್ತುತ್ತಾಳೆ. ಸಾಯಲು ಮನಸ್ಸು ಮಾಡಿದರೂ ಬಿಡುವುದಿಲ್ಲ. ಅಂದರೆ ಪ್ರತಿ ಸಲ ಎಬ್ಬಿಸಿ ಕೂರಿಸಿದಾಗಲೂ ಸಾವು ಸ್ವಲ್ಪ ಮೆತ್ತಗಾಗುತ್ತ ಬಂತು, ಗಡಿಯಾರ ಸ್ವಲ್ಪ ಸ್ನೇಹಿತನಾಗುತ್ತ ಬಂತು. ನನ್ನ ತಕರಾರಿನ ಮೂಲ ಇದೇ.

ಹಾಗಾಗಿ 'ಲಾಸ್ಟ್ ಕ್ರೌನ್' ಹಾಕಿದಾಗ ಬೈಯುವುದಕ್ಕೆ ತಯಾರಾಗಿಯೇ ಕೂತಿದ್ದೆ. ಅದು ಮತ್ತೆ ಹಳೆಯ ಹಾಗೆ ಪಕ್ಕದಿಂದ ಕಾಣುವ ಆಟ. ನಾಯಕ ಸಾರ್ಗನ್ ಎಂಬ ಯೋಧ. ಘಸ್ಸಾನ್ ಎಂಬ ರಾಜಕುಮಾರನನ್ನು ಕಾಫ್ ಪರ್ವತಕ್ಕೆ ಅಪಹರಿಸಿಕೊಂಡು ಹೋಗಿದ್ದಾರೆ, ಇವನು ಬಿಡಿಸಿಕೊಂಡು ಬರಬೇಕು. ಹೆಸರಿನಲ್ಲಿ ಪ್ರಿನ್ಸ್ ಇದ್ದರೂ ಪ್ರಿನ್ಸ್ ಆಗಿ ಆಡುವಂತಿಲ್ಲ ಎಂದು ಗೊಣಗಲು ಹೊರಟೆ. ಮೊದಲನೆಯವನೂ ಪ್ರಿನ್ಸ್ ಆಗಿರಲಿಲ್ಲವಲ್ಲ ಎಂದು ನೆನಪಾಗಿ ನುಂಗಿಕೊಂಡೆ. ಸಾರ್ಗನ್ ಎಷ್ಟೇ ಎತ್ತರದಿಂದ ಬಿದ್ದರೂ ಮೊಣಕಾಲು ಸಹ ನೋಯುವುದಿಲ್ಲ. ಗೋಡೆಯಿಂದ ಗೋಡೆಗೆ ನೆಗೆಯುತ್ತಾನೆ, ಗಾಳಿಯಲ್ಲಿ ಅಡ್ಡಕ್ಕೆ ನುಗ್ಗುತ್ತಾನೆ, ಮುಂದೆ ಹೋದಂತೆ ಗಾಳಿಯಲ್ಲೇ ಇನ್ನೊಂದು ನೆಗೆತ ಕಲಿಯುತ್ತಾನೆ, ಚಕ್ರ ಎಸೆದು ಹಿಡಿಯುತ್ತಾನೆ. ಮುಳ್ಳಿನ ಮೇಲೆ ಬಿದ್ದರೆ ಸ್ವಲ್ಪ ಶಕ್ತಿ ಕಿತ್ತುಕೊಂಡು ಹತ್ತಿರದ ಗಟ್ಟಿ ನೆಲಕ್ಕೆ ತಂದುಬಿಡುತ್ತಾರೆ. ಆಡಿದಷ್ಟನ್ನು ಉಳಿಸಿಕೊಳ್ಳಲು ಅಲ್ಲಲ್ಲಿ ಚಿನ್ನದ ಎಲೆಯ ವಾಕ್‌ವಾಕ್ ಮರಗಳು. ತೀರಾ ಆಗದಿದ್ದವರು ಸೆಟ್ಟಿಂಗ್ಸಿನಲ್ಲಿ ಒಂದು ಆಯ್ಕೆ ಒತ್ತಿದರೆ ಕಷ್ಟದ ನೆಗೆತಗಳ ಮುಂದೆ ಒಂದು ಮಾಯಾದ್ವಾರ ತೆರೆದುಕೊಳ್ಳುತ್ತದೆ, ಆಚೆ ದಡಕ್ಕೆ ಹೋಗಿ ಇಳಿಯಬಹುದು. ಹೆಬ್ಬೆರಳು ಊದಿಕೊಂಡ ರಾತ್ರಿ ಆ ಆಯ್ಕೆಯ ತನಕ ಹೋಗಿ ವಾಪಸು ಬಂದೆ. ಗಂಡಸುತನ ಎಂದಲ್ಲ, ಪಕ್ಕದಲ್ಲಿ ಅಕ್ಕನ ಮಗಳು ಕೂತಿದ್ದಳು.

ಅಷ್ಟು ಸುಖ ಕೊಟ್ಟಮೇಲೂ ಬೆರಳು ಯಾಕೆ ಊದಿತು ಎನ್ನುತ್ತೀರಾ? ದಾರಿ ಬಿಟ್ಟು ಮೂಲೆಗಳಲ್ಲಿ ಅಡಗಿಸಿಟ್ಟಿರುವ ಜರ್ಕ್ಸಿಸ್ ನಾಣ್ಯಗಳಿಂದ. ತಿರುಗುವ ಗರಗಸ, ಚುಚ್ಚುವ ಮುಳ್ಳು, ನಡುವೆ ಅಂಗೈಯಗಲದ ಗೋಡೆ. ಅದರ ತುದಿಯಲ್ಲಿ ಒಂದು ನಾಣ್ಯ. ಅದನ್ನು ಮುಟ್ಟಿ ನೆಲದ ಮೇಲೆ ಕಾಲಿಟ್ಟರಷ್ಟೇ ನಿಮ್ಮದು. ಇಲ್ಲಿ ಕೊಬ್ಬು ಕರಗುತ್ತದೆ. ಆ ಹಳೇ ಅಂಚಿನ ಭಯ ಇಲ್ಲ, ನಿಜ. ಆದರೆ ಗುಂಡಿ ಒತ್ತಿದ ಕ್ಷಣಕ್ಕೂ ಮೈ ಹೊರಳುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟೂ ಅಂತರವಿಲ್ಲ. ಹಳೇ ಪ್ರಿನ್ಸ್‌ನಲ್ಲಿ ಸತ್ತಾಗ ಕಂಪ್ಯೂಟರಿಗೆ ಬೈಯಬಹುದಿತ್ತು. ಇಲ್ಲಿ ಬೈಗುಳಕ್ಕೆ ಬೇರೆ ವಿಳಾಸವೇ ಸಿಗುವುದಿಲ್ಲ.

ನಾನು ನಿಜಕ್ಕೂ ಸೋತದ್ದು ನೆರಳಿನ ಮುಂದೆ. ಹಳೆಯದರಲ್ಲಿ ನಾಲ್ಕನೇ ಲೆವೆಲ್ಲಿನಲ್ಲಿ ಒಂದು ಕನ್ನಡಿ ಅಡ್ಡ ಬರುತ್ತದೆ. ಓಡಿ ಬಂದು ಅದರೊಳಗೆ ಹಾರಬೇಕು. ಹಾರಿದರೆ ನಿಮ್ಮ ನೆರಳು ಆ ಕಡೆಯಿಂದ ಕಿತ್ತುಕೊಂಡು ಓಡಿಹೋಗುತ್ತದೆ. ಮುಂದಿನ ಲೆವೆಲ್ಲಿನಲ್ಲಿ ನೀವು ಕೈಚಾಚುವ ಮೊದಲೇ ನಿಮ್ಮ ಔಷಧ ಕುಡಿಯುತ್ತದೆ, ಅದರ ಮುಂದಿನದರಲ್ಲಿ ಬಾಗಿಲು ಮುಚ್ಚಿಸಿ ನಿಮ್ಮನ್ನು ಕೆಳಕ್ಕೆ ಬೀಳಿಸುತ್ತದೆ. ಕೊನೆಗೆ ಕತ್ತಿ ಹಿರಿದು ಎದುರು ನಿಂತಾಗ, ನೀವು ಹೊಡೆದರೆ ನಿಮಗೇ ಏಟು. ಕತ್ತಿ ಒಳಗಿಟ್ಟು ಎದುರಿಗೆ ನಡೆದುಹೋದರೆ ಇಬ್ಬರೂ ಒಂದಾಗುತ್ತಾರೆ. ಹದಿಹರೆಯದ ನಮಗೆ ಇದು ಉಪನಿಷತ್ತೇ. ಮೆಕ್ನರ್ ಅದ್ವೈತ ಓದಿದ್ದನೋ ಎಂದರೆ ಅಂಥದ್ದೇನಿಲ್ಲ, ಯಂತ್ರದಲ್ಲಿ ಜಾಗ ಇರಲಿಲ್ಲ! ಆಪಲ್ ಟೂನ 48 ಕಿಲೋಬೈಟ್‌ನಲ್ಲಿ ತಮ್ಮನ ಓಟವೇ ತುಂಬಿಹೋಗಿತ್ತು, ಶತ್ರುಗಳನ್ನು ಇಡಲು ಸ್ಥಳವಿಲ್ಲ. ಕಾದಾಟ ಬೇಕೇ ಬೇಕು ಎಂದು ಟೋಮಿ ಪಿಯರ್ಸ್ ಎಂಬ ಸಹೋದ್ಯೋಗಿ ಪಟ್ಟುಹಿಡಿದಾಗ, ಅದೇ ಚಿತ್ರಗಳನ್ನು ಒಂದಿಷ್ಟು ಜರುಗಿಸಿ ಒಂದರ ಮೇಲೊಂದು ಹಾಕಿ ಮಿನುಗುವ ನೆರಳು ಮಾಡಿದ. ಕಾವಲುಗಾರರಿಗೆ ಆಮೇಲೆ ಅಲ್ಲಿಲ್ಲಿ ಕೆರೆದು ಜಾಗ ಹುಡುಕಿದ.

'ಲಾಸ್ಟ್ ಕ್ರೌನ್'ನವರಿಗೆ ಜಾಗದ ಬರವಿಲ್ಲ. ಆದರೂ ಆ ನೆರಳನ್ನು ಬಿಟ್ಟಿಲ್ಲ ನೋಡಿ. ಸಾರ್ಗನ್ ಬೇಕೆಂದಲ್ಲಿ ತನ್ನದೊಂದು ಛಾಯೆ ನಿಲ್ಲಿಸಿ ಮುಂದೆ ಹೋಗಬಲ್ಲ. ಮತ್ತೊಮ್ಮೆ ಒತ್ತಿದರೆ ಛಾಯೆ ಇದ್ದಲ್ಲಿಗೆ ಇವನೇ ಮರಳುತ್ತಾನೆ. ಬಾಗಿಲಿನಾಚೆ ಛಾಯೆ ಬಿಟ್ಟು, ಈಚೆಯ ಸನ್ನೆ ಎಳೆದು, ಬಾಗಿಲು ಮುಚ್ಚುವ ಮೊದಲು ಮತ್ತೆ ಅಲ್ಲಿಗೆ. ಒಂದು ಕೋಣೆಯಲ್ಲಿ ನೆಗೆತದ ನಡುವೆ ಗಾಳಿಯಲ್ಲೇ ಛಾಯೆ ನಿಲ್ಲಿಸಿ, ಪ್ರಪಾತಕ್ಕೆ ಬೀಳುತ್ತ ಬೀಳುತ್ತಲೇ ಹಿಂದಿರುಗಿದಾಗ ನನ್ನ ಗಂಟಲಿಂದ ಹೊರಟ ಸದ್ದಿಗೆ ಹೆಂಡತಿ ಎದ್ದು ಬಂದಳು. ಹಳೆಯದರಲ್ಲಿ ನಮ್ಮನ್ನು ಕಾಡಿದ ನೆರಳು ಇಲ್ಲಿ ಹೇಳಿದ ಕಡೆ ಕಾದು ನಿಲ್ಲುತ್ತದೆ. ಇದನ್ನು ಮಾಡಿದವರು ಹಳೇ ಆಟವನ್ನು ಚೆನ್ನಾಗಿ ಆಡಿದವರೇ ಇರಬೇಕು ಎಂದು ನನಗೆ ಆ ರಾತ್ರಿ ಅನ್ನಿಸಿತು.

ಒಂದು ವಿಷಯದಲ್ಲಂತೂ ಹೊಸದೇ ಮೇಲು. ಹಳೆಯದರ ಪರ್ಷಿಯಾ, ಅರೇಬಿಯನ್ ರಾತ್ರಿಗಳ ಕಥೆ, ಸಿನಿಮಾ ಎಲ್ಲ ಕಲಸಿದ ಚಿತ್ರಾನ್ನ. ಹೊಸದರಲ್ಲಿ ಫಿರ್ದೌಸಿಯ ಶಾಹ್‌ನಾಮೆಯ ಸಿಮುರ್ಗ್ ಹಕ್ಕಿಯಿದೆ, ಕಾಫ್ ಪರ್ವತವಿದೆ, ಇರಾನಿ ಮೂಲದ ಮೆಂಟ್ರಿಕ್ಸ್ ಎಂಬಾಕೆಯ ಸಂಗೀತವಿದೆ, ಬೇಕಿದ್ದರೆ ಮಾತುಗಳನ್ನೆಲ್ಲ ಫಾರ್ಸಿಯಲ್ಲೇ ಕೇಳಬಹುದು. ನಾನು ಹಾಗೇ ಕೇಳಿದೆ. ಅರ್ಥವಾಗಲಿಲ್ಲ, ಆದರೆ ಬೈಗುಳ ಕಿವಿಗೆ ಹಿತವಾಗಿತ್ತು.

ಇಷ್ಟಾದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದೇ ವರ್ಷ ತಂಡದವರನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ಟರು. 1989ರಲ್ಲೂ ಹೀಗೇ ಆಗಿತ್ತು: ಆಪಲ್ ಟೂ ಕೊನೆಯುಸಿರೆಳೆಯುವ ಹೊತ್ತಿಗೆ ಬಂದ ಆಟವನ್ನು ಕೇಳುವವರಿರಲಿಲ್ಲ, ಬೇರೆ ಯಂತ್ರಗಳಿಗೆ ಹೋದಮೇಲೆ ಹೆಸರಾಯಿತು. 'ಸ್ಯಾಂಡ್ಸ್ ಆಫ್ ಟೈಮ್'ನ ಮರುನಿರ್ಮಾಣವನ್ನು 2020ರಲ್ಲಿ ನಮ್ಮ ಪುಣೆ, ಮುಂಬಯಿ ಸ್ಟುಡಿಯೋಗಳ ಕೈಗೆ ಕೊಟ್ಟಿದ್ದಾರೆಂದು ಕೇಳಿ ನಾನೇ ಕೆಲಸಕ್ಕೆ ಸೇರಿದವನಂತೆ ಬೀಗಿದ್ದೆ. 2022ರಲ್ಲಿ ಅದನ್ನು ಮಾಂಟ್ರಿಯಲ್‌ಗೆ ವರ್ಗ ಮಾಡಿದರು.

"ಹಾಗಾದ್ರೆ ಹೊಸದು ಚೆನ್ನಾಗಿದೆ ಅಂತ ಒಪ್ಕೊಳ್ಳಿ" ಎಂದಳು ಅಕ್ಕನ ಮಗಳು. ಚೆನ್ನಾಗಿದೆ, ಇಷ್ಟು ವರ್ಷದಲ್ಲಿ ಬಂದ ಪ್ರಿನ್ಸ್‌ಗಳಲ್ಲೆಲ್ಲ ಹಳೆಯದರ ಪಕ್ಕ ನಿಲ್ಲುವುದು ಇದೊಂದೇ. ಆದರೆ ಇವನು ದೇವಮಾನವ, ಅವನು ಮನುಷ್ಯ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ ಹಾಕಿ ಹಳೆಯದನ್ನು ಎದುರಿಗಿಟ್ಟೆ. ಕತ್ತಿ ಹುಡುಕುವ ಗೋಜಿಗೆ ಹೋಗದೆ ನೇರ ಕಾವಲುಗಾರನ ಮುಂದೆ ನಿಂತಳು. ಒಂದೇ ಏಟಿಗೆ ಮಲಗಿದಳು. ಕತ್ತಿ ಸಿಕ್ಕಿತು, ಅಲುಗಾಡುವ ಚಪ್ಪಡಿಯ ಮೇಲೆ ನಿಂತು ಮೆಸೇಜ್ ನೋಡುತ್ತ ಬಿದ್ದಳು. ಮುಳ್ಳಿನ ಮೇಲೆ ಓಡಿದಳು. ಗಾಳಿಯಲ್ಲಿ ಎರಡನೇ ನೆಗೆತ ಯಾವ ಗುಂಡಿ ಎಂದು ಕೇಳಿದಳು. ಆಮೇಲೆ ಮಾತು ನಿಂತಿತು. ಫೋನು ಬೋರಲಾಯಿತು. ಸ್ಪೇಸ್ ಬಾರ್ ಒತ್ತಿ ಉಳಿದ ನಿಮಿಷ ನೋಡಿಕೊಂಡು ನಾಲಿಗೆ ಕಚ್ಚುವುದು ಶುರುವಾಯಿತು.

"ಮಾಮ, ಇದರಲ್ಲಿ ಸೇವ್ ಮಾಡೋದು ಹೇಗೆ?"

"ಮೂರನೇ ಲೆವೆಲ್ ತಲುಪು, ಆಮೇಲೆ ಹೇಳ್ತೀನಿ."