ಎಂಟನೆಯ ಸುತ್ತಿನ ಗೃಹಸ್ಥ

ಬೆಂಗಳೂರಿನ ಮಧ್ಯವಯಸ್ಕ ಗೃಹಸ್ಥರಲ್ಲಿ, ರಕ್ತಪರೀಕ್ಷೆಯ ವರದಿ ಕೈಸೇರಿದ ಮೇಲೆ ನಡಿಗೆಯನ್ನೂ, ನಡಿಗೆ ಬೇಸರವಾದ ಮೇಲೆ ಓಟವನ್ನೂ, ಓಟದಲ್ಲಿ ಪಕ್ಕದ ಮನೆಯವರು ತಮ್ಮನ್ನು ದಾಟಿ ಹೋದ ಮೇಲೆ ಶಾಸ್ತ್ರೋಕ್ತ ತರಬೇತಿಯನ್ನೂ ಹಿಡಿದವರದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ಒಂದು ವರ್ಗ. 2008ರಲ್ಲಿ ನಗರದಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟ ಈ ವರ್ಗದ ಜಾತ್ರೆಯಾದರೆ, ಮಂಗಳವಾರದ ಮುಂಜಾನೆ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ನಡೆಯುವ ಇಂಟರ್ವಲ್ ಅಭ್ಯಾಸ ಅದರ ವ್ರತ. ನಿಗದಿತ ದೂರವನ್ನು ವೇಗವಾಗಿ ಓಡಿ, ಸ್ವಲ್ಪ ದೂರ ನಿಧಾನವಾಗಿ ಜಾಗಿಂಗ್ ಮಾಡುತ್ತ ಸುಧಾರಿಸಿಕೊಂಡು, ಉಸಿರು ಪೂರ್ತಿ ಹದಕ್ಕೆ ಬರುವ ಮೊದಲೇ ಮತ್ತೆ ಓಡುವುದಕ್ಕೆ ಇಂಟರ್ವಲ್ ಎಂದು ಹೆಸರು. ಇಲ್ಲಿ ಪರಿಶೀಲಿಸಲಾಗುತ್ತಿರುವ ಗೃಹಸ್ಥರ ಪಾಠ 400 ಮೀಟರಿನ ಎಂಟು ಸುತ್ತು, ಸುತ್ತಿಗೆ 1 ನಿಮಿಷ 50 ಸೆಕೆಂಡ್, ನಡುವೆ 200 ಮೀಟರ್ ಜಾಗಿಂಗ್. ಕೂಡಿಸಿ ನೋಡಿದರೆ ನಿಜವಾದ ಓಟ 14 ನಿಮಿಷ 40 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರ ನಿರೂಪಣೆಗೆ ಮುಕ್ಕಾಲು ಗಂಟೆಗೆ ಕಡಿಮೆ ಸಾಲದು.

ಈ ಪದ್ಧತಿಗೆ ಗೌರವಾನ್ವಿತ ಪರಂಪರೆಯಿದೆ ಎಂಬುದನ್ನು ಒಪ್ಪಲೇಬೇಕು. ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹರ್ಬರ್ಟ್ ರೈಂಡೆಲ್, ನಾಡಿಬಡಿತವನ್ನು ನಿಮಿಷಕ್ಕೆ 180ರ ಆಸುಪಾಸಿಗೆ ಏರಿಸಿ, ಅದು 120ಕ್ಕೆ ಇಳಿಯುವವರೆಗೆ ಕಾದು, ಮತ್ತೆ ಓಡಿಸುವ ಕ್ರಮವನ್ನು ರೂಪಿಸಿದರು. ಹೃದಯ ಬಲಗೊಳ್ಳುವುದು ಓಟದ ಹೊತ್ತಿನಲ್ಲಲ್ಲ, ನಡುವಿನ ವಿಶ್ರಾಂತಿಯಲ್ಲಿ ಎಂಬುದು ಅವರ ವಾದ. ಗೆರ್ಶ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ಸ್ಥಾಪಿಸಿದ ವಿಶ್ವದಾಖಲೆ ಹದಿನಾರು ವರ್ಷ ಅಳಿಯಲಿಲ್ಲ. ಒಂದೇ ದಿನದಲ್ಲಿ 400 ಮೀಟರನ್ನು ಹತ್ತಾರು ಬಾರಿ ಓಡುತ್ತಿದ್ದ ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಅದುವರೆಗೆ ಒಮ್ಮೆಯೂ ಓಡಿರದ ಮ್ಯಾರಥಾನ್ ಮೂರನ್ನೂ ಗೆದ್ದರು. ನಮ್ಮ ಗೃಹಸ್ಥರಿಗೆ ಇವರೊಂದಿಗೆ ಬರೀ ‘ಎಮಿಲ್’ ಎನ್ನುವಷ್ಟು ಸಲುಗೆ.

ಮದುವೆಯ ಊಟದ ಪಂಕ್ತಿಯಲ್ಲಿ ಇಂಥವರ ಪಕ್ಕದ ಎಲೆ ಸಿಕ್ಕವರ ಸ್ಥಿತಿ ವಿಶೇಷ ಗಮನಕ್ಕೆ ಯೋಗ್ಯ, ಏಕೆಂದರೆ ಸಾಲಿನ ಹಿರಿಯರು ಏಳುವವರೆಗೆ ಅಲ್ಲಿಂದ ಯಾರೂ ಏಳುವಂತಿಲ್ಲ. ದಾಖಲಾಗಿರುವ ಒಂದು ಪ್ರಸಂಗದಲ್ಲಿ, ಎಡಗಡೆ ಕೂತಿದ್ದ ಶ್ರೋತೃ ಸಂಬಂಧದಲ್ಲಿ ಗೃಹಸ್ಥರಿಗೆ ಭಾವನಾಗಬೇಕು. ಮೊದಲ ಮಹಡಿಗೂ ಲಿಫ್ಟ್ ಹುಡುಕುವ ಸ್ವಭಾವದ ಆತನ ಹೆಸರು ಇಲ್ಲಿ ಅಪ್ರಸ್ತುತ. ಕೋಸಂಬರಿ ಬಡಿಸುವಾಗ ಆರಂಭವಾದ ಮೊದಲ ಸುತ್ತು ಪಲ್ಯಕ್ಕೆ ಮುಗಿದು, ಅನ್ನ ತೊವ್ವೆಗೆ ಎರಡನೆಯದು, ಹುಳಿಗೆ ಮೂರನೆಯದು ಬಂದವು. ವಿಶ್ರಾಂತಿಯೇ ಮುಖ್ಯ ಎಂದು ಜರ್ಮನ್ ಪಂಡಿತರು ಹೇಳಿರುವುದರಿಂದ ನಡುವಿನ ಜಾಗಿಂಗನ್ನೂ ಬಿಡದೆ ವರ್ಣಿಸಲಾಯಿತು. ಸಾರಿನ ಹೊತ್ತಿಗೆ “ಭಾವ, ಐದನೇದು ಎಷ್ಟು ಬಂತು ಹೇಳಿ ನೋಡೋಣ?” ಎಂಬ ಪ್ರಶ್ನೆ ಎದ್ದಿತು. ಬಾಯಲ್ಲಿ ಅನ್ನವಿದ್ದ ಭಾವ ಉತ್ತರಿಸುವ ಮೊದಲೇ ಗೃಹಸ್ಥರು ಸಾರಿನಲ್ಲಿ ಬೆರಳದ್ದಿ ಎಲೆಯ ಖಾಲಿ ಭಾಗದಲ್ಲಿ ಟ್ರ್ಯಾಕ್ ಬರೆದರು. ಎರಡು ನೇರ, ಎರಡು ತಿರುವು. ಓಟಗಾರರಿಗಾಗಿ ಗೆರೆಯೆಳೆದು ಬಿಟ್ಟ ಪಟ್ಟಿಗಳಿಗೆ ಲೇನ್ ಎಂದು ಹೆಸರು. ಒಳಗಿನ ಮೊದಲ ಲೇನಿನ ಸುತ್ತು 400 ಮೀಟರ್, ಎರಡನೆಯದು ಸುಮಾರು 407. ಐದನೆಯ ಸುತ್ತಿನ ತಿರುವಿನಲ್ಲಿ ಮೂವರು ನಿವೃತ್ತರು ಮೊದಲ ಲೇನಿನಲ್ಲೇ ಸಾಲಾಗಿ ಪಿಂಚಣಿಯ ವಿಚಾರ ಚರ್ಚಿಸುತ್ತ ನಡೆಯುತ್ತಿದ್ದರಂತೆ; “ಟ್ರ್ಯಾಕ್! ಟ್ರ್ಯಾಕ್!” ಎಂದು ಕೂಗಿದರೂ ಸರಿಯಲಿಲ್ಲವಾಗಿ, ಹೊರಗಿನಿಂದ ಬಳಸಿಕೊಂಡು ಹೋಗಬೇಕಾಯಿತು. ಆದ್ದರಿಂದ ಆ ಸುತ್ತಿನ 1 ನಿಮಿಷ 52 ಸೆಕೆಂಡನ್ನು ನ್ಯಾಯವಾಗಿ 1 ನಿಮಿಷ 51 ಎಂದೇ ಭಾವಿಸಬೇಕು. ಹೋಳಿಗೆ ಬಡಿಸುವವನು ಸಾರಿನ ಟ್ರ್ಯಾಕಿನ ಮೇಲೆಯೇ ತುಪ್ಪ ಸುರಿದು ಹೋದನಾದರೂ, ಆರು, ಏಳು, ಎಂಟನೆಯ ಸುತ್ತುಗಳು ಮಜ್ಜಿಗೆಯವರೆಗೆ ಅಬಾಧಿತವಾಗಿ ಸಾಗಿದವು.

ಇವರ ಉಳಿದ ಲಕ್ಷಣಗಳು ಸುಪರಿಚಿತ. ಬೂಟಿನ ಬೆಲೆಯನ್ನು ಹೆಂಡತಿಗೆ ಅರ್ಧ ಮಾತ್ರ ಹೇಳುತ್ತಾರೆ. ದುಡಿಮೆಯ ತುತ್ತತುದಿಯಲ್ಲಿ ದೇಹವು ನಿಮಿಷಕ್ಕೆ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣವಾದ ವಿಒ2 ಮ್ಯಾಕ್ಸನ್ನು ಮಕ್ಕಳ ಪರೀಕ್ಷೆಯ ಅಂಕಗಳಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಮುಂಗೈಯ ಜಿಪಿಎಸ್ ಗಡಿಯಾರ ರಸ್ತೆಯಲ್ಲಿ ದೂರವನ್ನು ಹೆಚ್ಚಾಗಿ ತೋರಿಸಿದರೆ ಅದು ವಿಜ್ಞಾನ. ಟ್ರ್ಯಾಕಿನ ತಿರುವುಗಳಲ್ಲಿ ತಬ್ಬಿಬ್ಬಾಗಿ 390 ಎಂದು ತೋರಿಸಿದರೆ ಉಪಗ್ರಹಕ್ಕೆ ಲೆಕ್ಕ ಬರುವುದಿಲ್ಲ.

ಆದರೂ ಈ ಓಟ ಕೊಡುವ ತೃಪ್ತಿಯ ಸ್ವರೂಪವನ್ನು ಹತ್ತಿರದಿಂದ ನೋಡಿದಾಗ ಪರಿಹಾಸ್ಯ ಸ್ವಲ್ಪ ಸಡಿಲವಾಗುತ್ತದೆ. ಹೊಸಬನು ಮೊದಲ ಸುತ್ತನ್ನು ಹುಮ್ಮಸ್ಸಿನಲ್ಲಿ 1 ನಿಮಿಷ 35 ಸೆಕೆಂಡಿಗೆ ಓಡಿ, ಎಂಟನೆಯದನ್ನು ಎರಡು ನಿಮಿಷ ದಾಟಿ ಎಳೆದುಕೊಂಡು ಬರುತ್ತಾನೆ. ಪಳಗಿದವನು ಕಾಲಿನಲ್ಲಿ ಕಸುವಿದ್ದಾಗಲೇ ಅದನ್ನು ತಡೆಹಿಡಿದು, ನಾಲ್ಕನೆಯ ಸುತ್ತಿನವರೆಗೆ ತನ್ನನ್ನು ತಾನೇ ಗದರಿಸಿಕೊಳ್ಳುತ್ತ, ಎಲ್ಲಕ್ಕಿಂತ ಕಠಿಣವಾದ ಆರನೆಯದರಲ್ಲಿ ‘ಇವತ್ತಿಗೆ ಸಾಕು’ ಎಂಬ ಒಳದನಿಯೊಡನೆ ಚೌಕಾಸಿ ಮಾಡುತ್ತ, ಕೊನೆಯದನ್ನು ಮೊದಲಿನಷ್ಟೇ ಹೊತ್ತಿನಲ್ಲಿ ಮುಗಿಸುತ್ತಾನೆ. ಕಚೇರಿಯಲ್ಲಿ ಇಂದು ಮುಗಿಸಿದ ಕೆಲಸವನ್ನು ನಾಳೆ ಬೆಳಗ್ಗೆ ಬೇರೊಬ್ಬರು ತಿದ್ದುತ್ತಾರೆ; ಮನೆಸಾಲಕ್ಕೆ ಇನ್ನೂ ಹನ್ನೊಂದು ವರ್ಷವಿದೆ; ಪರದೇಶದ ಮಗ ಫೋನಿನಲ್ಲಿ ‘ಹ್ಞೂಂ’ ಎನ್ನುವುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಇಂಥ ವಯಸ್ಸಿನಲ್ಲಿ ಎಂಟನೆಯ ಸುತ್ತೂ 1 ನಿಮಿಷ 50 ಸೆಕೆಂಡಿಗೆ ಬಂತೆಂದರೆ, ಆ ಅಂಕಿಯನ್ನು ಯಾರಾದರೂ ಕೇಳಿಸಿಕೊಳ್ಳಲಿ ಎಂದು ಬಯಸುವುದು ತಪ್ಪೆನ್ನಲಾಗದು. ಕೇಳುವವರು ಊಟಕ್ಕೆ ಕೂತಿದ್ದಾರೆಂಬುದು ಆನುಷಂಗಿಕ ಸಂಗತಿ.

ಮೇಲೆ ಹೇಳಿದ ಭಾವನನ್ನು ತರುವಾಯ ಒಂದು ಮಂಗಳವಾರ, ಮುಗಿದ ಮೇಲೆ ಮಸಾಲೆ ದೋಸೆ ಕೊಡಿಸುವ ಕರಾರಿನ ಮೇಲೆ, ಕಂಠೀರವ ಕ್ರೀಡಾಂಗಣಕ್ಕೆ ಕರೆದೊಯ್ದು ಸ್ಟಾಪ್‌ವಾಚ್ ಹಿಡಿಸಲಾಯಿತು. ಕೊನೆಯ ಸುತ್ತಿನಲ್ಲಿ ಗೃಹಸ್ಥರು ಮುಖ ಕೆಂಪಾಗಿ, ಬನಿಯನ್ ಬೆನ್ನಿಗಂಟಿ, ಕಟ್ಟಕಡೆಯ ನೇರದಲ್ಲಿ ತೋಳು ಬೀಸುತ್ತ ಬಂದಾಗ, ಪಂಕ್ತಿಯಲ್ಲಿ ಆಕಳಿಸಿದ್ದ ಅದೇ ಭಾವ “ಬನ್ನಿ, ಬನ್ನಿ, ಬಿಡಬೇಡಿ!” ಎಂದು ಬೇಲಿ ಹಿಡಿದು ಕೂಗಿದ್ದನ್ನು ಪಿಂಚಣಿಯ ಮೂವರೂ ನಿಂತು ನೋಡಿದರು. ಗಡಿಯಾರ 1 ನಿಮಿಷ 51 ತೋರಿಸಿತು. ಮೊಣಕಾಲಿಗೆ ಕೈಯೂರಿ ಬಗ್ಗಿದ್ದ ಗೃಹಸ್ಥರು, ಉಸಿರು ಮಾತಿಗೆ ಒದಗಿದ ಕೂಡಲೇ, ಭಾವನ ಹೆಬ್ಬೆರಳು ಒಂದು ಸೆಕೆಂಡ್ ತಡವಾಗಿ ಒತ್ತಿತೆಂದು ಆಕ್ಷೇಪಿಸಿದರು, ಭಾವ ಒಪ್ಪಲಿಲ್ಲ, ಈ ವಿವಾದ ಎರಡು ದೋಸೆ, ಮೂರು ಕಾಫಿಯವರೆಗೆ ಬೆಳೆದು ಮುಂದಿನ ಮಂಗಳವಾರಕ್ಕೆ ಮುಂದೂಡಲ್ಪಟ್ಟಿತು.